ಗುಮ್ಮಟಕ್ಕೆ ಹತ್ತಿರದ ಲಾಡ್ಜು

ಅಕ್ಕನಿಗೆ ಜಟಕಾ ಎಂದರೆ ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಬಂದ ಜ್ವರವೊಂದು ಹೋಗುವಾಗ ಆಕೆಯ ಬಲಗಾಲಿನ ಕಸುವನ್ನೂ ಕೊಂಡುಹೋಗಿತ್ತು. ಆ ಕಾಲು ಸೊರಗಿ, ಇನ್ನೊಂದಕ್ಕಿಂತ ಗಿಡ್ಡವಾಗಿ ಉಳಿಯಿತು. ಸಮನೆಲದ ಮೇಲೆ ನಡೆಯಲು ಆಕೆಗೆ ಯಾರ ಹಂಗೂ ಬೇಕಿರಲಿಲ್ಲ. ತೊಡೆಯ ಮೇಲೆ ಕೈಯೂರಿ, ತನ್ನದೇ ಒಂದು ಲಯದಲ್ಲಿ ನಡೆದುಬಿಡುತ್ತಿದ್ದಳು. ಬಸ್ಸು ರೈಲುಗಳಿಗೂ ಒಂದು ಉಪಾಯ ಕಂಡುಕೊಂಡಿದ್ದಳು. ಮೆಟ್ಟಿಲ ಮೇಲೆ ಕೂತು, ಕಂಬಿ ಹಿಡಿದು, ಹಿಮ್ಮುಖವಾಗಿ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಜಟಕಾದಲ್ಲಿ ಅದು ಸಾಧ್ಯವಿಲ್ಲ. ಕುದುರೆ ನಿಂತಲ್ಲಿ ನಿಲ್ಲುವುದಿಲ್ಲ, ಗಾಡಿ ತೂಗಾಡುತ್ತದೆ, ಯಾರಾದರೂ ಕಂಕುಳಿಗೆ ಕೈಕೊಟ್ಟು ಎತ್ತಿಯೇ ಹಾಕಬೇಕು. ಹಾಗೆ ಎತ್ತಿಸಿಕೊಳ್ಳುವುದು ಆಕೆಗೆ ಸಾವಿನಷ್ಟು ಅವಮಾನ.

ಆದ್ದರಿಂದ ನಾವಿಬ್ಬರೂ ಬಿಜಾಪುರಕ್ಕೆ ಹೋಗುವುದೆಂದು ನಿಶ್ಚಯಿಸಿದಾಗ ಮೊದಲು ಎದ್ದ ಪ್ರಶ್ನೆ ಏನು ನೋಡುವುದು ಎಂಬುದಲ್ಲ, ಎಲ್ಲಿ ಇಳಿದುಕೊಳ್ಳುವುದು ಎಂಬುದು. ಹೋಟೆಲ್ ಎಂದರೆ ನಮ್ಮ ಕಡೆ ಇಡ್ಲಿ ಕಾಫಿಯ ಜಾಗ. ಉಳಿದುಕೊಳ್ಳುವುದಕ್ಕೆ ಲಾಡ್ಜು. ನಮ್ಮ ಮನೆತನದ ಹೆಂಗಸರು ಯಾರೂ ಅದುವರೆಗೆ ಲಾಡ್ಜಿನ ಹೊಸ್ತಿಲು ದಾಟಿದವರಲ್ಲ. ಪರಸ್ಥಳಕ್ಕೆ ಹೋದರೆ ನೆಂಟರ ಮನೆ, ನೆಂಟರಿಲ್ಲದಿದ್ದರೆ ಮಠ.

ಅದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಜಗಳೂರಿನಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಅಕ್ಕ ನನಗಿಂತ ಸುಮಾರು ಹತ್ತು ವರ್ಷ ದೊಡ್ಡವಳು. ಚನ್ನಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತ, ಒಂದು ವಠಾರದಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದಳು. ಆಕೆಗೆ ಮದುವೆ ಆಗುವುದಿಲ್ಲವೆಂದು ಮನೆಯವರೆಲ್ಲ ಆಕೆ ಹುಡುಗಿಯಾಗಿದ್ದಾಗಲೇ ತೀರ್ಮಾನಿಸಿಬಿಟ್ಟಿದ್ದರು. ಅವ್ವ ನ್ಯಾಮತಿಯ ಹಳೆಯ ಮನೆಯಲ್ಲಿ ಚಿಕ್ಕಪ್ಪನವರ ಸಂಸಾರದ ಜೊತೆಗಿದ್ದಳು. ನಮ್ಮಿಬ್ಬರ ನಡುವೆ ಹುಟ್ಟಿದ ಅಣ್ಣ ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ.

ಬಿಜಾಪುರದ ಆಸೆ ಅಕ್ಕನದು. ಪ್ರತಿ ವರ್ಷ ಆಕೆ ತನ್ನ ಶಾಲೆಯ ಮಕ್ಕಳನ್ನು ಸಂತೇಬೆನ್ನೂರಿನ ಹೊಂಡಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಹೊಂಡದ ಎದುರಿಗೇ ಒಂದು ಮುಸಾಫಿರ್‌ಖಾನೆ ಇದೆ, ದಾರಿಹೋಕರು ತಂಗಲೆಂದು ಕಟ್ಟಿದ ಕಲ್ಲಿನ ಕಮಾನುಗಳ ಕಟ್ಟಡ. ಬಿಜಾಪುರದಿಂದ ದಂಡೆತ್ತಿ ಬಂದ ಸರದಾರನೊಬ್ಬ ಕಟ್ಟಿಸಿದ್ದು ಎಂದು ಹೇಳುತ್ತಾರೆ. ಆ ಕಮಾನುಗಳ ಕೆಳಗೆ ಮಕ್ಕಳನ್ನು ಕೂರಿಸಿ ಪಾಠ ಹೇಳುತ್ತಿದ್ದ ಅಕ್ಕನಿಗೆ, ಇವನ್ನು ಕಟ್ಟಿದವರ ಊರು ಹೇಗಿರಬಹುದು ಎಂಬ ಯೋಚನೆ ಹತ್ತಿತ್ತು. ಪುಸ್ತಕದಲ್ಲಿದ್ದ ಗೋಲಗುಮ್ಮಟದ ಮಸುಕು ಚಿತ್ರ ತೋರಿಸಿ ಎಷ್ಟು ವರ್ಷ ಪಾಠ ಮಾಡುವುದು? "ನಾನು ನೋಡಿಲ್ಲ ಅಂತ ಹುಡುಗೀರಿಗೆ ಗೊತ್ತಾಗ್ತೈತೆ ಕಣೇ," ಎನ್ನುತ್ತಿದ್ದಳು. "ನೋಡಿದವರು ಹೇಳೋದೇ ಬೇರೆ."

ಅಣ್ಣ ಪ್ರತಿ ಸಲವೂ "ನಾನೇ ಕರ್ಕೊಂಡು ಹೋಗ್ತೀನಿ ತಡಿ" ಎನ್ನುತ್ತಿದ್ದ. ಬೇಸಿಗೆ ರಜೆ ಬಂದರೆ ಮದುವೆಗಳು, ದಸರೆ ಬಂದರೆ ಅಂಗಡಿಯಲ್ಲಿ ಜನ. ಹೀಗೇ ವರ್ಷಗಳು ಹೋದವು. ಕೊನೆಗೆ ಅಕ್ಕ ಒಂದು ದಿನ ಅವನ ಮನೆಯಲ್ಲೇ, ಊಟಕ್ಕೆ ಕೂತಾಗ, "ಈ ದಸರೆಗೆ ನಾವಿಬ್ಬರೂ ಹೋಗ್ತೀವಿ" ಎಂದಳು.

ಅಣ್ಣ ತುತ್ತನ್ನು ಕೈಯಲ್ಲೇ ಹಿಡಿದು ನಕ್ಕ. "ಇಬ್ಬರು ಹೆಂಗಸರು ಹೋಗಾಕೆ ಅದೇನು ಹೊಳೆ ಆಚೆಗಿನ ಊರೇನಕ್ಕ? ಜೊತೆಗೊಬ್ಬ ಗಂಡಸು ಬೇಡ್ವಾ?"

"ಚನ್ನಗಿರೀಲಿ ಒಬ್ಬಳೇ ಮನೆ ಮಾಡಿಕೊಂಡು ಇರಾಕೆ ಗಂಡಸು ಬೇಕಾಗಲಿಲ್ಲ. ತಿಂಗಳಾ ಸಂಬಳ ತರಾಕೆ ಬೇಕಾಗಲಿಲ್ಲ. ಗುಮ್ಮಟ ನೋಡಾಕೆ ಬೇಕೇನು?"

ಅತ್ತಿಗೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಣ್ಣ ಊಟ ಮುಂದುವರಿಸಿದ. ಆದರೆ ಅವತ್ತು ವಾಪಸು ಹೊರಟು ನಾವು ಬಸ್ ಹತ್ತುವಾಗ, "ಹೋಗ್ರಿ ಹೋಗ್ರಿ, ಆಮೇಲೆ ಹೇಳ್ರಿ ಹೆಂಗಾತು ಅಂತ" ಎಂದ. ಆ ಮಾತಿನಲ್ಲಿ ಹಾರೈಕೆ ಇರಲಿಲ್ಲ.

ಲಾಡ್ಜು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಜಗಳೂರಿನ ಹೈಸ್ಕೂಲಿನಲ್ಲಿ ಒಬ್ಬ ಡ್ರಿಲ್ ಮೇಷ್ಟ್ರಿದ್ದರು. ಹುಡುಗರ ಪ್ರವಾಸ ಎಂದರೆ ಮುಂದಾಳು ಅವರೇ, ಬಿಜಾಪುರಕ್ಕೂ ಹೋಗಿ ಬಂದಿದ್ದರು. ಒಂದು ಸಂಜೆ ಅವರ ಮನೆಗೆ ಹೋದೆ. ಅಂಗಳದ ತುಂಬ ಶೇಂಗಾ ಒಣಗಲು ಹಾಕಿದ್ದರು. ಅದರ ಅಂಚಿನಲ್ಲಿ ಬೆಂಚು ಹಾಕಿಸಿ, ಸೀಮೆಸುಣ್ಣದಿಂದ ಬೆಂಚಿನ ಮೇಲೆಯೇ ಊರಿನ ನಕ್ಷೆ ಬರೆದರು.

"ನೋಡ್ರಿ ಟೀಚರ್, ಇದು ರೈಲ್ವೆ ಸ್ಟೇಷನ್ನು. ಇಲ್ಲೇ ಗೋಲ್‌ಗುಂಬಜ್. ಊರೊಳಗೆ ಬಸ್ ಸ್ಟ್ಯಾಂಡ್ ಹತ್ರ ದೊಡ್ಡ ಲಾಡ್ಜು ಐತೆ, ಬಿಸಿನೀರು, ಮೇಲೆ ಫ್ಯಾನು, ಎಲ್ಲಾ. ಆದ್ರೆ ಅಲ್ಲಿಂದ ಗುಂಬಜ್‌ಗೆ ಟಾಂಗಾನೇ, ಅಂದ್ರೆ ಜಟಕಾನೇ ಆಗಬೇಕು. ಇನ್ನೊಂದು ಇಲ್ಲಿ, ಸ್ಟೇಷನ್ ರಸ್ತೆಯಲ್ಲಿ. ಸಣ್ಣದು. ಬಿಸಿನೀರು ಕೇಳಬ್ಯಾಡ್ರಿ. ಆದ್ರೆ ಬಾಗಿಲು ತೆಗೆದ್ರೆ ಗುಂಬಜ್ ಕಾಣ್ತೈತೆ. ನಡಕೊಂಡೇ ಹೋಗಬಹುದು."

"ನಡೆಯೋಕೆ ಎಷ್ಟು ದೂರ?"

"ನಮ್ಮ ಸ್ಕೂಲಿಂದ ಬಸ್ ಸ್ಟ್ಯಾಂಡ್ ಇದ್ದಂಗೆ ಅಂತಿಟ್ಕೊಳ್ರಿ."

ಕೆಳಗಡೆ ಕೋಣೆ ಇದೆಯೇ, ಕಕ್ಕಸು ಒಳಗಡೆ ಇದೆಯೇ, ಕೂತುಕೊಳ್ಳಲು ಕಷ್ಟವಾಗದಂತೆ ಇದೆಯೇ, ಎಲ್ಲವನ್ನೂ ಕೇಳಿದೆ. ಅವರು ಸಂಕೋಚವಿಲ್ಲದೆ ಎಲ್ಲಕ್ಕೂ ಉತ್ತರ ಹೇಳಿದರು. ಆದರೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಇದೆಯೆಂದು ನನಗೂ ಹೊಳೆಯಲಿಲ್ಲ, ಹೇಳಲೇಬೇಕಾದ ಒಂದು ಮಾತಿದೆಯೆಂದು ಅವರಿಗೂ ಹೊಳೆಯಲಿಲ್ಲ.

ಚನ್ನಗಿರಿಗೆ ಹೋಗಿ ಅಕ್ಕನಿಗೆ ವರದಿ ಒಪ್ಪಿಸಿದೆ. ಆಕೆ ಬಿಸಿನೀರನ್ನೂ ಫ್ಯಾನನ್ನೂ ಒಂದೇ ಮಾತಿಗೆ ತಳ್ಳಿಹಾಕಿದಳು. "ಹತ್ತಿರದ್ದೇ ಇರಲಿ. ಬೆಳಿಗ್ಗೆ ಒಂದು ಸಲ ಹೋಗಿ ಬರೋದು, ಊಟ ಮಾಡಿ ಮಲಗೋದು, ಸಂಜೆ ಬೇಕಾದ್ರೆ ಮತ್ತೆ ಹೋಗೋದು. ನಮ್ಮ ಕಾಲಲ್ಲಿ ನಾವು." ಆ ಭಾನುವಾರ ನನ್ನನ್ನು ಹೊರಡಿಸಿಕೊಂಡು ಊರಿನ ಕೋಟೆಯ ಬುಡದವರೆಗೆ ನಡೆದು ವಾಪಸು ಬಂದಳು. ಜಗಳೂರಿನ ಶಾಲೆಯಿಂದ ಬಸ್ ಸ್ಟ್ಯಾಂಡಿಗಿಂತ ಅದು ದೂರವೋ ಹತ್ತಿರವೋ ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಿದ್ದಳು. ನಡುವೆ ದರ್ಜಿಯ ಅಂಗಡಿಯ ಜಗಲಿಯ ಮೇಲೆ ಸ್ವಲ್ಪ ಕೂತಳು. ಮನೆಗೆ ಬಂದಾಗ ಬೆವರಿದ್ದಳು, ಆದರೆ ಮುಖ ಅರಳಿತ್ತು. "ಆಗ್ತೈತೆ," ಎಂದಳು. ಆ ಸಂಜೆಯಷ್ಟು ಸಂತೋಷವಾಗಿ ಆಕೆಯನ್ನು ನಾನು ನೋಡಿದ್ದು ಕಡಿಮೆ.

ದಸರೆ ರಜೆ ಬಂತು. ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟೆವು. ದಾವಣಗೆರೆಯಲ್ಲಿ ರೈಲು ಹಿಡಿದು, ಹುಬ್ಬಳ್ಳಿಯಲ್ಲಿ ಗಾಡಿ ಬದಲಾಯಿಸಿ, ಮರುದಿನ ಬಿಸಿಲೇರುವ ಹೊತ್ತಿಗೆ ಬಿಜಾಪುರ ಸಮೀಪಿಸಿತು. ಮೊದಲು ಕಂಡದ್ದು ಅಕ್ಕನಿಗೆ. ಕರಿಮಣ್ಣಿನ ಬಯಲಿನ ಆಚೆ, ಬೋರಲು ಹಾಕಿದ ಗಡಿಗೆಯ ಹಾಗೆ ಒಂದು ಬೂದುಬಣ್ಣದ ಗುಮ್ಮಟ. ಆಕೆ ಕಿಟಕಿಯ ಕಂಬಿ ಹಿಡಿದು ಸುಮ್ಮನೆ ನೋಡುತ್ತಲೇ ಇದ್ದಳು. ಎದುರಿಗೆ ಕೂತಿದ್ದ ಹೆಂಗಸು "ಮೊದಲ್ನೇ ಸಲ ಬಂದೀರೇನ್ರಿ?" ಎಂದಿದ್ದು ಆಕೆಗೆ ಕೇಳಿಸಲೂ ಇಲ್ಲ.

ಡ್ರಿಲ್ ಮೇಷ್ಟ್ರು ಹೇಳಿದ್ದ ಲಾಡ್ಜು ಹೇಳಿದ್ದ ಜಾಗದಲ್ಲೇ ಇತ್ತು. ಕೆಳಗೆ ಒಂದು ಖಾನಾವಳಿ, ಪಕ್ಕದಲ್ಲಿ ಒಳಗೆ ಹೋಗುವ ಓಣಿ, ಓಣಿಯ ಕೊನೆಗೆ ಮೇಜು. ಮೇಜಿನ ಹಿಂದೆ ನಡುವಯಸ್ಸಿನ ಮ್ಯಾನೇಜರ್ ಆಗತಾನೆ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಪಕ್ಕದ ಬೆಂಚಿನ ಮೇಲೆ ಒಬ್ಬ ಪೇಪರ್ ಓದುತ್ತಿದ್ದ. ಗೋಡೆಯ ಮೇಲಿನ ಹಲಗೆಯಲ್ಲಿ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು.

"ಎಷ್ಟು ಮಂದಿ ಅದೀರಿ?" ಎಂದ ಮ್ಯಾನೇಜರ್, ನಮ್ಮ ಹಿಂದುಗಡೆ ನೋಡುತ್ತ.

"ಇಬ್ಬರು," ಎಂದೆ. "ಕೆಳಗಡೆ ಕೋಣೆ ಬೇಕಾಗಿತ್ತು."

"ಹಿಂದ ಯಾರರೆ ಬರಾವ್ರು ಅದಾರೇನ್ರಿ? ಯಜಮಾನ್ರು?"

"ಯಾರೂ ಇಲ್ಲ. ನಾವಿಬ್ಬರೇ."

ಅವನು ತೆಗೆದಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿದ. "ಗಂಡಸರಿಲ್ದ ಹೆಣ್ಮಕ್ಕಳಿಗೆ ರೂಮ್ ಕೊಡಂಗಿಲ್ರಿ."

ನನಗೆ ಮೊದಲು ಅರ್ಥವಾಗಲಿಲ್ಲ. ನಾವು ಟೀಚರುಗಳೆಂದೆ, ಊರು ಹೇಳಿದೆ, ಗುಮ್ಮಟ ನೋಡಲು ಬಂದವರು, ನಾಳಿದ್ದು ಹೊರಟುಹೋಗುತ್ತೇವೆ ಎಂದೆ. ಅವನಿಗೆ ಸಿಟ್ಟೇನೂ ಇರಲಿಲ್ಲ. ಮೃದುವಾಗಿಯೇ ಹೇಳಿದ. "ಟೀಚರ್ ಇರ್ರಿ, ಡಾಕ್ಟರ್ ಇರ್ರಿ, ಮಾಲಕರ ಮಾತು ಅದರೀ. ಹೆಣ್ಮಕ್ಕಳಷ್ಟ ಬಂದ್ರ ನಮ್ಮ ಲಾಡ್ಜಿಗೆ ಕೆಟ್ಟ ಹೆಸರು ಬರ್ತದ."

ಅಕ್ಕ ಅಷ್ಟರಲ್ಲಿ ಗೋಡೆಗೆ ಕೈಕೊಟ್ಟು ನಿಂತಿದ್ದಳು. ಪೇಪರ್ ಓದುತ್ತಿದ್ದವನು ತಲೆಯೆತ್ತಿ ಆಕೆಯನ್ನು ನೋಡಿದ. ಮುಖವನ್ನಲ್ಲ, ಸೀರೆಯ ಅಂಚಿನ ಕೆಳಗಿನ ಕಾಲನ್ನು. ಆಮೇಲೆ ಮ್ಯಾನೇಜರನಿಗೆ ಹೇಳಿದ: "ಪಾಪ, ಕಾಲು ನೋಡ್ರಿ. ಈ ಅಕ್ಕಾರ ಬಗ್ಗೆ ಯಾರು ಏನ್ ಅಂತಾರ? ಕೊಟ್ಟಬಿಡ್ರಿ."

ಮ್ಯಾನೇಜರ್ ಒಂದು ಗಳಿಗೆ ಯೋಚಿಸಿದ. ಅವನ ಮುಖದಲ್ಲಿ ನಿಜವಾದ ಕರುಣೆ ಮೂಡಿತು. "ಅವರೊಬ್ಬರಾದ್ರ ಆಗತದ. ಕೆಳಗ ಒಂದು ರೂಮ್ ಅದ. ಆದ್ರ ಈ ತಂಗಿ ವಯಸ್ಸಿನಾಕಿ ಅದಾಳ. ಇಕೀನ್ನ ಇಟ್ಕೊಂಡ್ರ ನಾಳೆ ಕೇಳಿದವರಿಗೆ ನಾ ಏನ್ ಹೇಳ್ಲಿ?"

ಎಂದರೆ, ಕುಂಟಿಯಾದ ಅಕ್ಕನಿಂದ ಲಾಡ್ಜಿನ ಮಾನಕ್ಕೆ ಅಪಾಯವಿಲ್ಲ. ಅವಳನ್ನು ಯಾವ ಗಂಡಸೂ ಬಯಸಲಾರ. ಎರಡೂ ಕಾಲು ನೆಟ್ಟಗಿದ್ದ ನನ್ನ ಮೇಲೆ ಮಾತ್ರ ಅನುಮಾನ. ಇಷ್ಟನ್ನು ಅವರಿಬ್ಬರೂ ನಮ್ಮ ಎದುರಿಗೇ, ದೇವರ ಪಟದ ಮುಂದೆ ಊದುಬತ್ತಿ ಉರಿಯುತ್ತಿರುವಾಗ, ಒಳ್ಳೆಯ ಮನಸ್ಸಿನಿಂದ ತೀರ್ಮಾನಿಸಿದರು.

ಅಕ್ಕ ಗೋಡೆಯಿಂದ ಕೈ ತೆಗೆದಳು. "ನನ್ನ ಬಗ್ಗೆ ಯಾಕ್ರೀ ಯಾರೂ ಏನೂ ಅನ್ನಲ್ಲ?" ಎಂದು ಕೇಳಿದಳು. ಪಾಠ ಒಪ್ಪಿಸದ ಹುಡುಗಿಯನ್ನು ಕೇಳುವ ದನಿಯಲ್ಲಿ.

ಮ್ಯಾನೇಜರ್ ಮೇಜಿನ ಮೇಲಿನ ಧೂಳು ಒರೆಸಿದ. "ಹಂಗಲ್ರೀ ಅಕ್ಕಾರ..."

"ಹೇಳ್ರಿ. ನಾನೂ ಕೇಳ್ತೀನಿ."

ಪೇಪರಿನವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. "ನಡಿ," ಎಂದಳು ಅಕ್ಕ ನನಗೆ. ಓಣಿ ದಾಟಿ ಬೀದಿಗೆ ಬಂದಾಗ ಎದುರಿಗೆ, ಮನೆಗಳ ಮೇಲುಗಡೆ, ಗುಮ್ಮಟ ಅಷ್ಟೂ ಆಕಾಶವನ್ನು ಹಿಡಿದು ನಿಂತಿತ್ತು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಬಾಗಿಲಿಗೇ ಕಾಣುತ್ತಿತ್ತು.

ಆಮೇಲೆ ಲಾಡ್ಜುಗಳ ತಿರುಗಾಟ. ಸ್ವಲ್ಪ ಮುಂದೆ ಇನ್ನೊಂದಿತ್ತು. ಅಲ್ಲಿನವನು ಮಾತಾಡುವ ಮುಂಚೆಯೇ ನಮ್ಮ ಕೊರಳು ನೋಡಿ, ತಾಳಿ ಇಲ್ಲದ್ದು ಕಂಡು, ತಲೆ ಅಲ್ಲಾಡಿಸಿದ. ಮತ್ತೊಂದರಲ್ಲಿ ಎಲ್ಲ ಕೋಣೆಗಳೂ ತುಂಬಿವೆ ಎಂದರು. ಹಾಗೆ ಹೇಳುವವನ ಬೆನ್ನಹಿಂದೆ ಬೀಗದ ಕೈಗಳು ತೂಗುತ್ತಿದ್ದವು. ಮತ್ತೂ ಒಂದರ ಮೆಟ್ಟಿಲ ಬಳಿ ಹೂ ಮಾರುತ್ತಿದ್ದ ಮುದುಕಿ ನಮ್ಮನ್ನು ಕಂಡು ಮರುಗಿ, ಹತ್ತಿರ ಕರೆದು ಉಪಾಯ ಹೇಳಿಕೊಟ್ಟಳು. "ಗಂಡ ಸಂಜಿ ಗಾಡಿಗೆ ಬರ್ತಾನ ಅಂತ ಹೇಳ್ರೆವ್ವಾ. ಕೊಡ್ತಾರ. ಆಮ್ಯಾಲ ಬರಲಿಲ್ಲ ಅಂದ್ರ ಯಾರು ಕೇಳ್ತಾರ?"

ಅಕ್ಕನ ಕಾಲು ನೋಡಿ ನನಗೆ ಸುಳ್ಳು ಹೇಳಿದರೇನು ಎನಿಸಿತು. ಆಕೆ ಅಷ್ಟರಲ್ಲಿ ಹೆಜ್ಜೆಗೊಮ್ಮೆ ತುಟಿ ಕಚ್ಚುತ್ತಿದ್ದಳು. "ಹಂಗೇ ಹೇಳೋಣ ಅಕ್ಕ," ಎಂದೆ.

"ಇಲ್ಲದ ಗಂಡನ್ನ ಹುಟ್ಟಿಸಿ ಒಂದು ಕೋಣೆ ತಗೊಳ್ಳೋದಾ? ನನಗೆ ಬೇಡ. ನಿನಗೆ ಬೇಕಾದ್ರೆ ಹುಟ್ಟಿಸ್ಕೊ."

ಯಾರೋ ಊರಿನ ಆ ಕಡೆಗೆ ಮಠವಿದೆ ಎಂದರು. ಅಲ್ಲಿಗೆ ಟಾಂಗಾದಲ್ಲಿ ಹೋಗಬೇಕಿತ್ತು. ಟಾಂಗಾದವನು ಗಾಡಿ ತಂದು ನಿಲ್ಲಿಸಿ, ಅಕ್ಕನನ್ನು ಎತ್ತಲು ಕೈ ಒರೆಸಿಕೊಂಡು ಇಳಿದೇಬಿಟ್ಟ. ಅಕ್ಕ ಅವನ ಕಡೆ ನೋಡದೆ ಬಂದ ದಾರಿಯಲ್ಲೇ ತಿರುಗಿ ನಡೆಯತೊಡಗಿದಳು. ನಾನು ಎರಡೂ ಚೀಲ ಹೊತ್ತು ಹಿಂದೆ ಹೋದೆ.

ಕೊನೆಗೆ ನಮಗೆ ಜಾಗ ಕೊಟ್ಟಿದ್ದು ರೈಲ್ವೆ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮು. ಅಲ್ಲಿ ಕಸ ಗುಡಿಸುವ ಹೆಂಗಸು ನಮ್ಮನ್ನು ಏನೂ ಕೇಳದೆ ಬೆಂಚು ತೋರಿಸಿದಳು. ಅಕ್ಕ ಚಪ್ಪಲಿ ತೆಗೆದಾಗ ನೋಡಿದೆ. ಒಳ್ಳೆಯ ಕಾಲಿನ ಹಿಮ್ಮಡಿ ಉಜ್ಜಿ ತೊಗಲು ಕಿತ್ತಿತ್ತು. ದಿನವೂ ಭಾರ ಹೊರುತ್ತಿದ್ದದ್ದು ಆ ಕಾಲೇ. ಮಂಡಿಯೂ ಬಾತಿತ್ತು. ನಲ್ಲಿಯ ನೀರಿನಲ್ಲಿ ಬಟ್ಟೆ ಅದ್ದಿ ಕಟ್ಟಿದೆ. ಆಕೆ ಅಳಲಿಲ್ಲ. ಚಪಾತಿಯ ಗಂಟು ಬಿಚ್ಚುತ್ತ, "ಈ ಊರಿನ ಸರದಾರ ನಮ್ಮ ಕಡೆ ಬಂದು ದಾರಿಹೋಕರಿಗೆ ಅಂತ ಮುಸಾಫಿರ್‌ಖಾನೆ ಕಟ್ಟಿಸಿ ಹೋದ. ಅದರಲ್ಲಿ ಹೆಂಗಸರನ್ನ ಬಿಡ್ತಿದ್ರೋ ಇಲ್ವೋ, ಅದನ್ನ ಇನ್ಮೇಲೆ ಹುಡುಗೀರಿಗೆ ಏನು ಹೇಳ್ಲಿ?" ಎಂದಳು. ನನಗೆ ಆ ಊರಿನ ಮೇಲೆ, ಆ ಕಟ್ಟಡಗಳ ಮೇಲೆ, ಅವುಗಳನ್ನು ಕಟ್ಟಿದವರ ಮೇಲೆ ಸಿಟ್ಟು ಬಂದಿತ್ತು. ವಾಪಸು ಹೋಗೋಣ ಎಂದೆ.

"ನೋಡದೆ ಹೋದ್ರೆ ಆ ಮೇಜಿನ ಹಿಂದೆ ಕೂತವನು ಗೆದ್ದಂಗೆ," ಎಂದಳು ಅಕ್ಕ. "ಏಳು."

ಚೀಲಗಳನ್ನು ಆ ಹೆಂಗಸಿನ ವಶಕ್ಕೆ ಕೊಟ್ಟು ಮಧ್ಯಾಹ್ನದ ಬಿಸಿಲಿನಲ್ಲೇ ಹೊರಟೆವು. ಚನ್ನಗಿರಿಯ ಕೋಟೆಯ ಬುಡಕ್ಕೆ ಸರಾಗವಾಗಿ ಹೋಗಿ ಬಂದವಳು ಇಲ್ಲಿ ಒಂದೊಂದು ಮರದ ನೆರಳಿಗೂ ನಿಂತಳು. ಬೆಳಿಗ್ಗೆಯ ತಿರುಗಾಟ ಇಲ್ಲದಿದ್ದರೆ ಆ ದೂರ ಆಕೆಗೆ ಲೆಕ್ಕವೇ ಅಲ್ಲ. ಗುಮ್ಮಟದ ಬಾಗಿಲು ದಾಟಿ ಒಳಗೆ ಹೋಗಿ, ತಂಪು ನೆಲದ ಮೇಲೆ ಗೋಡೆಗೊರಗಿ ಕೂತುಬಿಟ್ಟಳು. ಕಣ್ಣು ಮೇಲೆತ್ತಿ ನೋಡಿದಳು. ಮೇಲುಗಡೆ ಒಳಸುತ್ತಿನ ಮೊಗಸಾಲೆಯಲ್ಲಿ ಯಾವುದೋ ಶಾಲೆಯ ಹುಡುಗರು ಕೂಗುತ್ತಿದ್ದರು, ಕೂಗು ಮತ್ತೆ ಮತ್ತೆ ತಿರುಗಿ ಬರುತ್ತಿತ್ತು.

"ಹತ್ತು. ನೋಡಿ ಬಂದು ಹೇಳು."

"ನಾನೊಬ್ಬಳೇ ಹೋಗಲ್ಲ."

"ಹತ್ತು ಅಂದೆ."

ಮೂಲೆಯ ಮಿನಾರಿನೊಳಗೆ ಸುತ್ತುವ ಕಡಿದಾದ ಮೆಟ್ಟಿಲುಗಳು. ಸಿಟ್ಟಿನಲ್ಲೇ ಹತ್ತಿದೆ. ಮೊಗಸಾಲೆಯಲ್ಲಿ ಜನ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಿದ್ದರು, ಆಚೆ ಬದಿಯಲ್ಲಿ ಕಿವಿಯಿಟ್ಟವರು ನಗುತ್ತಿದ್ದರು. ಗೋಡೆಯ ಆಚೆ ಕಿವಿಗೊಡಬೇಕಾಗಿದ್ದವಳು ಕೆಳಗಿದ್ದಳು. ನಾನು ಏನೂ ಪಿಸುಗುಟ್ಟಲಿಲ್ಲ. ಅಂಚಿಗೆ ಬಂದು ಬಗ್ಗಿ ನೋಡಿದೆ. ಆ ಅಗಾಧ ನೆಲದ ಒಂದು ಬದಿಯಲ್ಲಿ ಅಕ್ಕ ಕಾಲು ಚಾಚಿಕೊಂಡು ಕೂತಿದ್ದಳು. ಗಂಡಸರಿಬ್ಬರು ಹಾದುಹೋಗುತ್ತ ಆಕೆಯ ಕಾಲಿನ ಕಡೆಗೆ ತಿರುಗಿ ನೋಡಿದರು. ಆಕೆ ಸೆರಗನ್ನು ಎಳೆದು ಕಾಲಿನ ಮೇಲೆ ಹಾಕಿಕೊಂಡಳು. ಅಷ್ಟು ಎತ್ತರದಿಂದಲೂ ನನಗೆ ಅದು ಕಂಡಿತು.

ಬಾರಾಕಮಾನು, ಇಬ್ರಾಹಿಂ ರೋಜಾ, ಕೋಟೆಯ ದೊಡ್ಡ ಫಿರಂಗಿ, ಯಾವುದನ್ನೂ ನೋಡಲಿಲ್ಲ. ಸಂಜೆಯ ಗಾಡಿಗೆ ಹೊರಟೆವು.

ಊರಿನಲ್ಲಿ ನಮಗಾಗಿ ಕಾದಿದ್ದದ್ದು ಸಮಾಧಾನವಲ್ಲ. ಅವ್ವ ನ್ಯಾಮತಿಯಲ್ಲಿ, "ಹೆಂಗೂ ಮಾನವಾಗಿ ಮನೆ ಸೇರಿದ್ರಲ್ಲ, ಅಷ್ಟು ಸಾಕು" ಎಂದು ದೃಷ್ಟಿ ತೆಗೆದಳು. ಮಾನ ಹೋಗುವಂಥದ್ದನ್ನು ಮಾಡಿದವರು ನಾವೇ ಎಂಬ ಹಾಗೆ. ಜಗಳೂರಿನ ಡ್ರಿಲ್ ಮೇಷ್ಟ್ರು ವಿಷಯ ಕೇಳಿ ಕೈ ಕೈ ಹಿಸುಕಿಕೊಂಡರು. "ಅಯ್ಯೋ ಟೀಚರ್, ಕೆಳಗಡೆ ಕೋಣೆ ಬೇಕು, ಅದು ಬೇಕು ಇದು ಬೇಕು ಅಂತ ಕೇಳಿದ್ರಿ. ಜೊತೆಗೆ ನಿಮ್ಮ ಅಣ್ಣಾರು ಬರ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಇಲ್ಲದಿದ್ರೆ ಮೊದ್ಲೇ ಹೇಳ್ತಿದ್ದೆ." ಅವರಿಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. ಗಂಡಸರಿಗೆಲ್ಲ ಗೊತ್ತಿದ್ದ ನಿಯಮ, ಅದು ಯಾರಿಗೆ ತಗಲುತ್ತದೋ ಅವರಿಗೆ ಮಾತ್ರ ಗೊತ್ತಿರಲಿಲ್ಲ.

ಅಣ್ಣ ಇದನ್ನು ಕತೆ ಮಾಡಿಕೊಂಡ. ನೆಂಟರು ಸೇರಿದಲ್ಲೆಲ್ಲ ಹೇಳುವನು: "ನಮ್ಮ ಅಕ್ಕ ತಂಗಿ ಬಿಜಾಪುರಕ್ಕೆ ಹೋಗಿದ್ರು. ಎಲ್ಲರೂ ಗುಂಬಜ್ ನೋಡಿದ್ರೆ ಇವರು ವೇಟಿಂಗ್ ರೂಮ್ ನೋಡಿ ಬಂದ್ರು." ಜನ ನಗುತ್ತಿದ್ದರು. ಒಂದು ಸಲ ನ್ಯಾಮತಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಮಾತುಕತೆಗೆಂದು ಎಲ್ಲರೂ ಕೂತಿದ್ದಾಗ, ಬೀಗರ ಎದುರಿಗೆ ಅದನ್ನೇ ತೆಗೆದ. ಅಕ್ಕ ಒಳಗಿನಿಂದ ವೀಳ್ಯದ ತಟ್ಟೆ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು.

"ಪೂರ್ತಿ ಹೇಳೋ," ಎಂದಳು. "ಕುಂಟೀನ ಇಟ್ಕೊಂಡ್ರೆ ಲಾಡ್ಜಿಗೆ ಕೆಟ್ಟ ಹೆಸರು ಬರಲ್ಲ, ತಂಗೀನ ಇಟ್ಕೊಂಡ್ರೆ ಬರ್ತೈತೆ ಅಂದ್ರಲ್ಲ, ಅದನ್ನೂ ಹೇಳು. ಬೀಗರು ಅದಕ್ಕೂ ನಗಲಿ."

ಬೀಗರ ಹಿರಿಯರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ಅಣ್ಣನ ಮುಖ ಕೆಂಪಾಯಿತು, ನಾಚಿಕೆಗಲ್ಲ, ಅಕ್ಕ ಮನೆತನದ ಮರ್ಯಾದೆ ತೆಗೆದಳೆಂಬ ಸಿಟ್ಟಿಗೆ. ಆ ಕತೆ ಅವತ್ತಿಗೆ ನಿಂತಿತು. ಆದರೆ ಅಕ್ಕ ಹೊನ್ನಾಳಿಗೆ ಹೋಗುವುದೂ ನಿಂತಿತು. ಹಬ್ಬಕ್ಕೆ ಅತ್ತಿಗೆ ಹೇಳಿಕಳಿಸುತ್ತಿದ್ದಳು, ಅಣ್ಣ ಒಂದು ಸಲವೂ ಬಂದು ಕರೆಯಲಿಲ್ಲ.

ವಯಸ್ಸು ಮೀರುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ನನ್ನ ಮದುವೆಯಾಯಿತು. ನನ್ನ ಯಜಮಾನರು ಸರ್ಕಾರಿ ನೌಕರರು, ಸೌಮ್ಯ ಸ್ವಭಾವದವರು, ದನಿಯೆತ್ತಿ ಮಾತಾಡಿದವರಲ್ಲ. ಎಂಬತ್ತರ ದಶಕ ಶುರುವಾಗಿತ್ತು. ಒಂದು ದಸರೆಗೆ ಅವರಾಗಿಯೇ ಬಿಜಾಪುರದ ಮಾತು ತೆಗೆದರು. "ನಿಮ್ಮ ಅಕ್ಕನ್ನೂ ಕರ್ಕೊಂಡು ಹೋಗೋಣ. ಪಾಪ, ಆಗ ಸರಿಯಾಗಿ ನೋಡಾಕೆ ಆಗಲಿಲ್ಲವಂತೆ," ಎಂದರು. ನಾನು ಸಂಭ್ರಮದಿಂದ ಚನ್ನಗಿರಿಗೆ ಹೋದೆ.

ಅಕ್ಕ ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. "ನಿನ್ನ ಗಂಡನ ಹಿಂದೆ ಬಂದ್ರೆ ನನಗೂ ರೂಮು ಕೊಡ್ತಾರೆ. ನನಗೆ ಗೊತ್ತು," ಎಂದಳು. "ಅದಕ್ಕೇ ನಾನು ಬರಲ್ಲ."

"ಅವರು ಒಳ್ಳೆ ಮನಸ್ಸಿಂದ ಕರೀತಿದ್ದಾರೆ ಅಕ್ಕ."

"ಅವರ ಮೇಲೆ ನನಗೆ ಸಿಟ್ಟಿಲ್ಲ. ನೀವು ಹೋಗಿ ಬರ್ರಿ."

ಹೋದೆವು. ಅದೇ ಲಾಡ್ಜಿಗೆ ಹೋಗೋಣವೆಂದು ಹಟ ಮಾಡಿದವಳು ನಾನೇ. ಯಾಕೆಂದು ಆಗ ನನಗೇ ಸರಿಯಾಗಿ ತಿಳಿದಿರಲಿಲ್ಲ. ಅದೇ ಓಣಿ, ಅದೇ ಮೇಜು, ಅದೇ ಮ್ಯಾನೇಜರ್. ಕೂದಲು ನರೆತಿತ್ತು. ನನ್ನ ಯಜಮಾನರ ಮುಖ ನೋಡಿದ, ನನ್ನನ್ನು ನೋಡಲೇ ಇಲ್ಲ. ಅವರ ಹೆಸರು ಬರೆದುಕೊಂಡ. ನನ್ನ ಹೆಸರು ಬೇಕಾಗಲಿಲ್ಲ. "ಮ್ಯಾಲಿನ ರೂಮ್ ಕೊಡ್ಲೇನ್ರಿ? ಗುಮ್ಮಟ ಚಲೋ ಕಾಣ್ತದ," ಎಂದು ಬೀಗದ ಕೈ ತೆಗೆದ.

"ಕೆಲವು ವರ್ಷಗಳ ಹಿಂದೆ ನಾನೂ ನಮ್ಮ ಅಕ್ಕನೂ ಇಲ್ಲಿಗೆ ಬಂದಿದ್ವಿ," ಎಂದೆ.

ಅವನ ಮುಖ ಅರಳಿತು. "ಹೌದೇನ್ರೀ? ಹಂಗಾರ ನಮ್ಮ ಹಳೇ ಗಿರಾಕಿ ಅನ್ರಿ!"

"ನೀವು ನಮಗೆ ಕೋಣೆ ಕೊಡಲಿಲ್ಲ."

ಅವನು ಒಂದು ಕ್ಷಣ ನೆನಪಿಸಿಕೊಳ್ಳಲು ಪ್ರಯತ್ನಿಸಿದ. ನಿಜವಾಗಿಯೂ ಪ್ರಯತ್ನಿಸಿದ, ಅದು ನನಗೆ ಕಾಣುತ್ತಿತ್ತು. ಆಮೇಲೆ ಕೈ ಬಿಟ್ಟ. "ಫುಲ್ ಇದ್ದಿರಬೇಕ್ರಿ. ದಸರಾದಾಗ ಭಾಳ ಗದ್ದಲ ಇರ್ತದಲ್ಲ," ಎಂದು ನಕ್ಕ.

ಇಷ್ಟು ವರ್ಷ ಮನಸ್ಸಿನಲ್ಲಿ ಅವನ ಜೊತೆ ಎಷ್ಟು ಜಗಳವಾಡಿದ್ದೆ. ಏನೇನು ಮಾತು ಕಟ್ಟಿಟ್ಟುಕೊಂಡಿದ್ದೆ. ಅವನಿಗೆ ನಾವು ನೆನಪೇ ಇರಲಿಲ್ಲ. ನಮ್ಮಂಥವರು ಎಷ್ಟು ಜನ ಆ ಮೇಜಿನ ಮುಂದೆ ನಿಂತು ಹೋಗಿದ್ದರೋ. ಹೇಳಲು ಬಾಯಿ ತೆರೆದೆ. ಯಜಮಾನರು ನನ್ನ ಮೊಣಕೈ ಮುಟ್ಟಿ, "ಹೋಗ್ಲಿ ಬಿಡು, ಹಳೇದು. ಬಾ, ಸುಸ್ತಾಗೈತೆ," ಎಂದರು. ಮೆಟ್ಟಿಲ ಮೇಲೆ ಅವರ ಹಿಂದೆ ಹತ್ತಿದೆ.

ಕೋಣೆಯ ಕಿಟಕಿಯಿಂದ ಗುಮ್ಮಟ ಪೂರ್ತಿ ಕಾಣುತ್ತಿತ್ತು. ಎರಡು ದಿನ ಇದ್ದೆವು. ಎಲ್ಲವನ್ನೂ ನೋಡಿದೆವು, ಆಗ ಬಿಟ್ಟುಹೋಗಿದ್ದನ್ನೂ. ಯಜಮಾನರಿಗೆ ತುಂಬ ಹಿಡಿಸಿತು. ನನಗೆ ಇಬ್ರಾಹಿಂ ರೋಜಾದ ಕಲ್ಲಿನ ಜಾಲರಿಗಳು ಕಣ್ಣಿಗೆ ಬಿದ್ದವು, ಒಳಗೆ ಇಳಿಯಲಿಲ್ಲ. ಲಾಡ್ಜಿನಿಂದ ಗುಮ್ಮಟಕ್ಕೆ ನಡೆದು ಹೋಗುವಾಗ ಮಾತ್ರ ನಾನು ಬೇಕೆಂದೇ ನಿಧಾನವಾಗಿ ನಡೆದೆ. ಯಜಮಾನರು ಮುಂದೆ ಹೋಗಿ, ನಿಂತು, "ಕಾಲು ನೋಯ್ತೈತೇನು?" ಎಂದು ಕೇಳಿದರು. ಇಲ್ಲ ಎಂದೆ.

ಊರಿಗೆ ಬಂದ ಮೇಲೆ ಅಕ್ಕನನ್ನು ನೋಡಲು ಹೋದೆ. ನಾನಾಗಿ ಹೇಳುವ ಮೊದಲೇ ಆಕೆ ಕೇಳತೊಡಗಿದಳು. ಎಲ್ಲಿ ಇಳಿದಿದ್ರಿ, ಎಂದಳು. ಹೇಳಿದೆ. ಆಕೆಗೆ ಆಶ್ಚರ್ಯವಾಗಲಿಲ್ಲ.

"ಕೆಳಗಡೆ ಕೋಣೆ ಐತಾ?"

"ಐತೆ. ನಾವು ಮೇಲೆ ಇದ್ವಿ."

"ಕಕ್ಕಸು?"

"ಒಳಗೇ ಐತೆ. ಪರವಾಗಿಲ್ಲ, ಚೊಕ್ಕಟವಾಗೈತೆ."

"ಗುಮ್ಮಟಕ್ಕೆ ನಡೆಯೋ ದಾರಿ ಹೆಂಗೈತೆ?"

"ಸಮವಾಗೈತೆ. ಮರ ಅದಾವೆ. ನಿನ್ನ ಕಾಲಿಗೆ ಆಗ್ತಿತ್ತು ಅಕ್ಕ. ಎಲ್ಲೂ ಕೂರದೇ ನೀನು ಹೋಗಿಬಿಡ್ತಿದ್ದೆ."

ಮ್ಯಾನೇಜರ್ ಏನೆಂದನೆಂದು ಕೇಳುತ್ತಾಳೆ, ನಮ್ಮ ನೆನಪು ಅವನಿಗೆ ಇತ್ತೇ ಎಂದು ಕೇಳುತ್ತಾಳೆ ಎಂದು ನಾನು ಹೆದರಿ ಕೂತಿದ್ದೆ. ಕೇಳಲಿಲ್ಲ.

"ಹಂಗಾದ್ರೆ ನಾವು ಆರಿಸಿದ್ದು ಸರಿಯಾಗೇ ಇತ್ತು," ಎಂದಳು.

"ಸರಿಯಾಗೇ ಇತ್ತು."

ಆಮೇಲೆ ಒಲೆಯ ಮೇಲಿದ್ದ ಅನ್ನ ಇಳಿಸಲು ಎದ್ದಳು. ನಾನು ತಟ್ಟೆ ಹಾಕಿದೆ. ಊಟ ಮಾಡುವಾಗ ಶಾಲೆಯ ವಿಷಯ, ಅವ್ವನ ಕಣ್ಣಿನ ವಿಷಯ ಮಾತಾಡಿದೆವು.